ತೆರೆಯ ಮೇಲಣ ಮಾಟ: ಕನ್ನಡ ಚಲಚ್ಚಿತ್ರ ಮತ್ತು ಕಿರುತೆರೆಗಳಲ್ಲಿ ಮಂತ್ರವಾದಿ ಹಾಗೂ ಮಾಟಗಾತಿ

೧

ದಾವಣಗೆರೆ ಜಿಲ್ಲೆಯ ಕಾಲೇಜೊಂದರಲ್ಲಿ ಪದವಿ ತರಗತಿಯ ವಿದ್ಯಾರ್ಥಿಗಳೊಡನೆ ‘ಕಾಡು’ ಚಿತ್ರವನ್ನು ನೋಡಿ ಮುಗಿಸಿದ ಮೇಲೆ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸಾರ್, ಕಮಲಿ ಮಾಡಿಸಿದ ಮಾಟ ಹತ್ತಿತೋ ಇಲ್ಲವೋ?” ಎಂದು ಕೇಳಿದಳು. ತರಗತಿ ನಕ್ಕಿತು. ನಾನೂ ನಕ್ಕೆನೆಂಬುದನ್ನು ಒಪ್ಪಿಕೊಳ್ಳಬೇಕು. ಚಿತ್ರದ ಸಂಕೇತಗಳು, ಬಾಲಕನ ದೃಷ್ಟಿಕೋನ, ಹಳ್ಳಿಗಳ ವೈಷಮ್ಯ ಇವನ್ನು ಕುರಿತು ಮಾತನಾಡಲು ಸಿದ್ಧನಾಗಿ ಬಂದಿದ್ದ ನನಗೆ ಆ ಪ್ರಶ್ನೆ ಬಾಲಿಶವೆಂದು ತೋರಿತು. ಮನೆಗೆ ಹಿಂದಿರುಗುವ ದಾರಿಯಲ್ಲಿ ಯೋಚಿಸಿದಾಗ, ಈ ಬಗೆಯ ಚಿತ್ರಗಳನ್ನು ಕುರಿತು ಕೇಳಬೇಕಾದ ಮೊದಲ ಪ್ರಶ್ನೆ ಅದೇ ಎಂಬುದು ಹೊಳೆಯಿತು. ಮಾಟ ಫಲಿಸುತ್ತದೆಂದು ಚಿತ್ರ ಹೇಳುತ್ತದೆಯೇ, ಫಲಿಸುವುದಿಲ್ಲವೆನ್ನುತ್ತದೆಯೇ, ಅಥವಾ ಆ ಮಾತನ್ನೇ ಬಿಟ್ಟು ಮಾಟ ಮಾಡಿಸುವವರ ಹೃದಯವನ್ನು ತೋರಿಸುತ್ತದೆಯೇ? ಪ್ರಸ್ತುತ ಲೇಖನವು ಆ ವಿದ್ಯಾರ್ಥಿನಿಗೆ ತಡವಾಗಿ ಬರೆದ ಉತ್ತರವೆಂದು ವಾಚಕರು ಭಾವಿಸಬಹುದು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳು ಮಲೆನಾಡಿನ ಅಂಚಿನಿಂದ ಬಯಲುಸೀಮೆಯವರೆಗೆ ಹಬ್ಬಿಕೊಂಡಿವೆ. ೧೯೯೭ರಲ್ಲಿ ದಾವಣಗೆರೆ ಜಿಲ್ಲೆ ರಚಿತವಾದಾಗ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಅನಂತರ ಹೊನ್ನಾಳಿಯಿಂದ ಬೇರೆಯಾಯಿತು. ಅಡಕೆ ತೋಟದ ಊರಿನಿಂದ ಬಂದವನೂ ಮಳೆಯಾಶ್ರಿತ ಹೊಲದ ಊರಿನಿಂದ ಬಂದವಳೂ ನಮ್ಮ ತರಗತಿಯಲ್ಲಿ ಒಟ್ಟಿಗೆ ಕೂರುತ್ತಾರೆ. ಇವರೆಲ್ಲರ ಮನೆಗಳಲ್ಲಿಯೂ ದೃಷ್ಟಿ ತೆಗೆಯುವುದು, ಅಂತ್ರ ಕಟ್ಟಿಸುವುದು, ಮೂರು ದಾರಿ ಕೂಡುವ ಕಡೆ ಬಿದ್ದ ನಿಂಬೆಹಣ್ಣನ್ನು ದಾಟದೆ ಸುತ್ತಿ ಹೋಗುವುದು ಪರಿಚಿತ ಸಂಗತಿಗಳೇ. ಅದೇ ಮನೆಗಳಲ್ಲಿ ಸಂಜೆ ಕಿರುತೆರೆಯೂ ಬೆಳಗುತ್ತದೆ. ಈ ಎರಡರ ನಡುವಿನ ಸಂಬಂಧವೇ ನಮ್ಮ ವಿಚಾರ.

ವಿಷಯದ ಎಲ್ಲೆಯನ್ನು ಮೊದಲೇ ಗುರುತಿಸಿಕೊಳ್ಳುವುದು ಒಳ್ಳೆಯದು. ಪ್ರೇತ ಪಿಶಾಚಿಗಳ ಕಥೆ ಬೇರೆ. ‘ಕಾಂತಾರ’ದಲ್ಲಿ (೨೦೨೨) ಕಾಣುವ ಕರಾವಳಿಯ ದೈವಾರಾಧನೆ ಇನ್ನೂ ಬೇರೆ. ಮನುಷ್ಯರಾಗಿದ್ದೂ ಅತಿಮಾನುಷ ಶಕ್ತಿಯನ್ನು ಪ್ರಯೋಗಿಸುವರೆಂದು ನಂಬಲಾದ ಮಂತ್ರವಾದಿ ಮತ್ತು ಮಾಟಗಾತಿಯರಷ್ಟೇ ಇಲ್ಲಿಯ ವಸ್ತು. ಪ್ರೇತದ ಮಾತು ಬಂದರೂ ಈ ಇಬ್ಬರ ಸಲುವಾಗಿಯೇ ಬರುವುದು.

೨

ಶಬ್ದಗಳಿಂದ ಆರಂಭಿಸೋಣ. ‘ಮಾಟ’ವೆಂಬುದು ‘ಮಾಡು’ ಧಾತುವಿನಿಂದ ಬಂದ ಪದ. ಹಳಗನ್ನಡದಲ್ಲಿ ಅದಕ್ಕೆ ಕೆಲಸ, ರಚನೆ, ಚೆಲುವು ಎಂಬ ಅರ್ಥಗಳಿದ್ದವು. ಇಂದಿಗೂ ‘ಮಾಟವಾದ ಮೂಗು’ ಎಂಬ ಮಾತಿನಲ್ಲಿ ಆ ಹಳೆಯ ಅರ್ಥ ಉಳಿದುಕೊಂಡಿದೆ. ಚೆನ್ನಾಗಿ ಮಾಡಿದ್ದು ಮಾಟ. ಕಣ್ಣಿಗೆ ಕಾಣದಂತೆ ಮಾಡಿದ್ದೂ ಮಾಟ. ಕಲೆಗೂ ಕುಯುಕ್ತಿಗೂ ಒಂದೇ ಹೆಸರಿಟ್ಟ ನಮ್ಮ ಭಾಷೆಯ ವಿವೇಕವನ್ನು ಗಮನಿಸಬೇಕು. ಚಲಚ್ಚಿತ್ರವು ಎರಡು ಅರ್ಥದಲ್ಲಿಯೂ ಮಾಟವೇ.

‘ಮಂತ್ರವಾದಿ’ ಸಂಸ್ಕೃತ ಸಮಾಸ. ಅದರಲ್ಲಿ ಗ್ರಂಥದ, ಗುರುಪರಂಪರೆಯ, ಸಾಧನೆಯ ಗೌರವ ಸೇರಿಕೊಂಡಿದೆ. ಮಂತ್ರವಾದಿಯನ್ನು ಜನ ಹೆದರಿಯಾದರೂ ಬಹುವಚನದಲ್ಲಿ ಮಾತನಾಡಿಸುತ್ತಾರೆ, ಮನೆಗೆ ಕರೆಯುತ್ತಾರೆ, ದಕ್ಷಿಣೆ ಕೊಡುತ್ತಾರೆ. ‘ಮಂತ್ರವಾದಿನಿ’ ಎಂಬ ಸ್ತ್ರೀಲಿಂಗ ರೂಪ ವ್ಯಾಕರಣಕ್ಕೆ ಸಾಧ್ಯವಾದರೂ ಬಳಕೆಯಲ್ಲಿಲ್ಲ. ಹೆಣ್ಣಿಗೆ ದೊರೆತದ್ದು ‘ಮಾಟಗಾತಿ’. ಹಾಡುಗಾತಿ, ಮೋಸಗಾತಿ ಎಂಬ ಸಾಲಿನ ಪದ. ಅದೊಂದು ವೃತ್ತಿಯ ಹೆಸರಾಗಿ ಉಳಿಯದೆ ಬೈಗುಳಾಗಿದೆ. ಮಂತ್ರವಾದಿ ತನ್ನನ್ನು ತಾನೇ ಹಾಗೆಂದು ಕರೆದುಕೊಳ್ಳುತ್ತಾನೆ. ಮಾಟಗಾತಿಯನ್ನು ಇತರರು ಕರೆಯುತ್ತಾರೆ. ಒಂದು ಉದ್ಯೋಗ, ಇನ್ನೊಂದು ಆರೋಪ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರವೆಲ್ಲ ಸುಲಭವಾಗುತ್ತದೆ.

ಹೆಸರಿನ ಬಲವೆಷ್ಟೆಂಬುದಕ್ಕೆ ನಮ್ಮ ಸೀಮೆಯಲ್ಲೇ ಒಂದು ನಿದರ್ಶನವುಂಟು. ಚನ್ನಗಿರಿ ತಾಲ್ಲೂಕಿನ ಮಹಾ ಕೆರೆಯನ್ನು ಶಾಂತವ್ವೆಯೆಂಬ ರಾಜಕುಮಾರಿ ಕಟ್ಟಿಸಿದಳೆಂದು ಐತಿಹ್ಯ. ಅದಕ್ಕೆ ಶಾಂತಿಸಾಗರವೆಂಬ ಹೆಸರಿದ್ದರೂ ಜನರ ಬಾಯಲ್ಲಿ ಅದು ಸೂಳೆಕೆರೆಯಾಗಿಯೇ ಉಳಿದಿದೆ. ಹೆಣ್ಣಿಗೆ ಅಂಟಿದ ಹೆಸರನ್ನು ನೀರೂ ತೊಳೆಯಲಾರದು.

೩

ತೆರೆಯ ಮಂತ್ರವಾದಿ ತೆರೆಯೊಡನೆ ಹುಟ್ಟಿದವನಲ್ಲ. ಅವನ ವಂಶಾವಳಿ ದೀರ್ಘವಾಗಿದೆ. ಬೇತಾಳ ಕಥೆಗಳ ಚೌಕಟ್ಟನ್ನು ನೆನೆಯೋಣ. ಒಬ್ಬ ಯೋಗಿ ರಾಜನಿಂದ ಶವವನ್ನು ತರಿಸುತ್ತಾನೆ. ಅವನ ಉದ್ದೇಶ ರಾಜನನ್ನೇ ಬಲಿಕೊಟ್ಟು ಸಿದ್ಧಿ ಪಡೆಯುವುದು. ಬೇತಾಳ ಎಚ್ಚರಿಸುತ್ತದೆ. ಸಾಷ್ಟಾಂಗ ಪ್ರಣಾಮ ಹೇಗೆಂದು ನೀನೇ ತೋರಿಸು ಎಂದು ರಾಜ ಕೇಳುತ್ತಾನೆ. ಬಾಗಿದ ಯೋಗಿಯ ತಲೆ ಉರುಳುತ್ತದೆ. ಬಲಿ ಕೊಡಬಂದವನೇ ಬಲಿಯಾಗುವ ಈ ವಿನ್ಯಾಸ ಹನ್ನೊಂದನೆಯ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಿಂದ ನಮ್ಮ ಅಜ್ಜಿಯರ ಕಥೆಗಳವರೆಗೆ ಅವಿಚ್ಛಿನ್ನವಾಗಿ ಹರಿದಿದೆ.

ಕನ್ನಡಕ್ಕೆ ಇನ್ನೊಂದು ವಿಶಿಷ್ಟವಾದ ಪರಂಪರೆಯುಂಟು. ನ್ಯಾಮತಿ ಹೊನ್ನಾಳಿಗಳ ನೆರೆಯಲ್ಲಿರುವ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯು ಅಲ್ಲಮಪ್ರಭುವಿನ ಊರು. ಗೋರಕ್ಷನೊಡನೆ ಆತನ ಮುಖಾಮುಖಿ ಪ್ರಸಿದ್ಧವಾಗಿದೆ. ವಜ್ರಕಾಯವನ್ನು ಸಾಧಿಸಿದ್ದ ಸಿದ್ಧನ ಮೈಗೆ ಖಡ್ಗ ತಗುಲಿದಾಗ ಖಣಿಲೆಂದಿತು. ಅಲ್ಲಮನ ಮೈಯಲ್ಲಿ ಅದು ಬಯಲಲ್ಲಿ ಬೀಸಿದಂತೆ ಹಾದುಹೋಯಿತು. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಬನವಸೆಯ ಮಾಯಾದೇವಿ ಅಲ್ಲಮನನ್ನು ಗೆಲ್ಲಲು ಹೊರಟು ಸೋಲುತ್ತಾಳೆ. ಈ ಕಥನಗಳಲ್ಲಿ ಮಂತ್ರಸಿದ್ಧಿಯನ್ನು ಇನ್ನೂ ದೊಡ್ಡ ಮಂತ್ರಸಿದ್ಧಿ ಸೋಲಿಸುವುದಿಲ್ಲ. ಸಿದ್ಧಿಯನ್ನೇ ಬಯಸದ ಚಿತ್ತ ಅದನ್ನು ನಿರರ್ಥಕಗೊಳಿಸುತ್ತದೆ. ಇಷ್ಟು ಸೂಕ್ಷ್ಮವಾದ ವಿಚಾರ ಎಂಟು ಶತಮಾನಗಳ ಹಿಂದೆಯೇ ನಮ್ಮ ನಾಡಿನಲ್ಲಿ ಚಿಂತಿತವಾಗಿತ್ತು. ನಮ್ಮ ತೆರೆ ಈ ಎರಡು ಪರಂಪರೆಗಳಲ್ಲಿ ಬೇತಾಳ ಕಥೆಯದನ್ನು ಧಾರಾಳವಾಗಿ ಬಳಸಿಕೊಂಡು, ಅಲ್ಲಮನದನ್ನು ಬಹುಮಟ್ಟಿಗೆ ಮರೆತಿದೆ.

೪

ಚಲಚ್ಚಿತ್ರಕ್ಕೂ ಇಂದ್ರಜಾಲಕ್ಕೂ ಇರುವ ನಂಟು ಆಕಸ್ಮಿಕವಲ್ಲ. ಫ್ರಾನ್ಸಿನ ಜಾರ್ಜ್ ಮೆಲಿಯೆ ವೃತ್ತಿಯಿಂದ ಐಂದ್ರಜಾಲಿಕ. ೧೮೯೬ರಲ್ಲಿಯೇ ಆತ ಕ್ಯಾಮೆರಾವನ್ನು ತಡೆಹಿಡಿದು, ಕುಳಿತ ಹೆಂಗಸನ್ನು ಮಾಯವಾಗಿಸಿ ತೋರಿಸಿದ. ನಮ್ಮಲ್ಲಿ ಈ ಕೆಲಸವನ್ನು ಅದಕ್ಕೂ ಮುಂಚೆ ಕಂಪನಿ ನಾಟಕದ ‘ಟ್ರಾನ್ಸ್‌ಫರ್ ಸೀನು’ಗಳು ರಂಗದ ಮೇಲೆ ಮಾಡುತ್ತಿದ್ದವು. ಗುಬ್ಬಿ ಕಂಪನಿಯ ಅದ್ಭುತ ದೃಶ್ಯಗಳ ಖ್ಯಾತಿಯನ್ನು ಹೇಳಬೇಕಾಗಿಲ್ಲ, ದಾವಣಗೆರೆಯು ಕೆ.ಬಿ.ಆರ್. ನಾಟಕ ಕಂಪನಿಯ ತವರಾದುದರಿಂದ ರಂಗದ ಮಾಟ ನಮ್ಮ ಸೀಮೆಯವರಿಗೆ ಹೊಸದಾಗಿರಲಿಲ್ಲ. ಪ್ರೇಕ್ಷಕನಿಗೆ ಅದು ತಂತ್ರವೆಂದು ಗೊತ್ತು. ಗೊತ್ತಿದ್ದೂ ಬೆರಗಾಗುವುದೇ ಅವನ ಆನಂದ.

ಜಾನಪದ ಚಿತ್ರಗಳು ಈ ಆನಂದವನ್ನೇ ತೆರೆಗೆ ತಂದವು. ಮೈಸೂರಿನ ಮಹಾತ್ಮ ಪಿಕ್ಚರ್ಸ್ ಸಂಸ್ಥೆ ‘ನಾಗಕನ್ನಿಕಾ’ (೧೯೪೯), ‘ಜಗನ್ಮೋಹಿನಿ’ (೧೯೫೧) ಚಿತ್ರಗಳ ಮೂಲಕ ಕನ್ನಡದಲ್ಲಿ ಈ ದಾರಿಯನ್ನು ತೆರೆಯಿತು. ಡಿ. ಶಂಕರ್‌ಸಿಂಗ್ ಅವರೊಡನೆ ಆ ಸಂಸ್ಥೆಯನ್ನು ಕಟ್ಟಿದ ಉಡುಪಿ ಸೀಮೆಯ ಬಿ. ವಿಠಲಾಚಾರ್ಯರು ಮುಂದೆ ತೆಲುಗಿನಲ್ಲಿ ಮಾಯಾಜಾಲದ ಚಿತ್ರಗಳಿಂದಲೇ ‘ಜಾನಪದ ಬ್ರಹ್ಮ’ರೆನಿಸಿದರು. ತೆಲುಗಿನ ‘ಪಾತಾಳ ಭೈರವಿ’ (೧೯೫೧) ಕನ್ನಡದ ಚಿತ್ರವಲ್ಲವಾದರೂ ಇಲ್ಲಿ ಸ್ಮರಣೀಯ. ಚಿತ್ರದುರ್ಗ ಬಳ್ಳಾರಿ ಸೀಮೆಗಳಲ್ಲಿ ತೆಲುಗು ಚಿತ್ರಗಳಿಗೆ ಮೊದಲಿನಿಂದಲೂ ಪ್ರೇಕ್ಷಕರಿದ್ದಾರೆ. ಕೆ.ವಿ. ರೆಡ್ಡಿ ನಿರ್ದೇಶಿಸಿದ ಆ ಚಿತ್ರದಲ್ಲಿ ಎಸ್.ವಿ. ರಂಗರಾವ್ ನಟಿಸಿದ ನೇಪಾಳದ ಮಾಂತ್ರಿಕ ದಕ್ಷಿಣದ ತೆರೆಯ ಮಂತ್ರವಾದಿಗಳಿಗೆಲ್ಲ ಮೂಲಪುರುಷನಿದ್ದಂತೆ. ಸಾಹಸಿಯೂ ಜಾಣನೂ ಆದ ಯುವಕನನ್ನು ಭೈರವಿಗೆ ಬಲಿಕೊಟ್ಟು ಬೇಡಿದ್ದನ್ನು ಕೊಡುವ ಪ್ರತಿಮೆಯನ್ನು ಪಡೆಯಬೇಕೆಂಬುದು ಅವನ ಹಂಚಿಕೆ. ಬಲಿಯಾಗುವವನು ಮಾತ್ರ ಅವನೇ. ಬೇತಾಳ ಕಥೆಯ ವಿನ್ಯಾಸ ಇಲ್ಲಿ ಹಾಗೆಯೇ ಇದೆಯೆಂಬುದು ಸ್ಪಷ್ಟ.

ಈ ಮಂತ್ರವಾದಿಗೆ ಮೂರು ಲಕ್ಷಣಗಳು. ಒಂದು, ಅವನು ದೂರದವನು. ನೇಪಾಳ, ಮಲೆಯಾಳ, ಏಳು ಸಮುದ್ರದಾಚೆಯ ದ್ವೀಪ ಅವನ ನೆಲೆ. ಎರಡು, ಅವನ ಶಕ್ತಿ ಗಡ್ಡ, ದಂಡ, ಪ್ರತಿಮೆ, ಗಿಳಿಗಳಂಥ ಯಾವುದೋ ವಸ್ತುವಿನಲ್ಲಿದೆ. ವಸ್ತು ಹೋದರೆ ಅವನೂ ಹೋದ. ಮೂರು, ಅವನಲ್ಲಿ ಹಾಸ್ಯದ ಅಂಶವುಂಟು. ಮಕ್ಕಳು ಅವನನ್ನು ನೋಡಿ ಹೆದರುತ್ತಲೇ ನಗುತ್ತಾರೆ. ಈ ಕಾರಣಗಳಿಂದ ಜಾನಪದ ಚಿತ್ರದ ಮಾಟ ನಿರಪಾಯಕರ. ಚಿತ್ರ ಮುಗಿಸಿ ಹೊರಬಂದ ಹೊನ್ನಾಳಿಯ ರೈತ, ತನ್ನ ನೆರೆಮನೆಯಲ್ಲಿ ನೇಪಾಳದ ಮಾಂತ್ರಿಕನಿದ್ದಾನೆಂದು ಶಂಕಿಸುವ ಸಂಭವವಿಲ್ಲ. ಇಂಥ ಚಿತ್ರಗಳನ್ನು ಮೂಢನಂಬಿಕೆಯ ಪ್ರಚಾರವೆಂದು ಜರೆಯುವ ವಿಮರ್ಶೆಗೆ ಕಥೆಯ ಧರ್ಮವೇ ತಿಳಿದಿಲ್ಲವೆನ್ನಬೇಕಾಗುತ್ತದೆ. ‘ಭಜರಂಗಿ’ಯ (೨೦೧೩) ರಕ್ತಾಕ್ಷನಂಥ ಇತ್ತೀಚಿನ ಮಂತ್ರವಾದಿಗಳು ಇದೇ ಕುಲದವರು. ಆದರೆ ಅವರಲ್ಲಿ ಹಾಸ್ಯ ಬತ್ತಿ, ಬರಿಯ ಕ್ರೌರ್ಯವೂ ಮೈಕಟ್ಟೂ ಉಳಿದಿರುವುದು ಶೋಚನೀಯ.

೫

ಮಾಟವು ದ್ವೀಪವನ್ನು ಬಿಟ್ಟು ಊರೊಳಕ್ಕೆ ಬಂದಾಗ ಪ್ರಶ್ನೆಯ ಸ್ವರೂಪ ಬದಲಾಗುತ್ತದೆ. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾರ್ನಾಡರು ನಿರ್ದೇಶಿಸಿದ ‘ಕಾಡು’ (೧೯೭೩) ಈ ದೃಷ್ಟಿಯಿಂದ ಕನ್ನಡದ ಅತಿ ಮುಖ್ಯ ಚಿತ್ರ. ಚಂದ್ರೇಗೌಡನಿಗೆ ನೆರೆಯೂರಿನ ಬಸಕ್ಕನ ಸಂಬಂಧ. ಅವನ ಹೆಂಡತಿ ಕಮಲಿ ಗಂಡನನ್ನು ಮರಳಿ ಪಡೆಯಲು ಮಾಟದ ಮೊರೆಹೊಗುತ್ತಾಳೆ. ಇದೆಲ್ಲವನ್ನೂ ನಾವು ಆ ಮನೆಯಲ್ಲಿ ಬಂದಿರುವ ಕಿಟ್ಟಿಯೆಂಬ ಬಾಲಕನ ಕಣ್ಣಿನಿಂದ ನೋಡುತ್ತೇವೆ. ಕಮಲಿಯ ಪಾತ್ರ ವಹಿಸಿದ ನಂದಿನಿ ಭಕ್ತವತ್ಸಲ ಅವರಿಗೂ ಕಿಟ್ಟಿಯಾದ ಜಿ.ಎಸ್. ನಟರಾಜ್ ಅವರಿಗೂ ರಾಷ್ಟ್ರಪ್ರಶಸ್ತಿಗಳು ಬಂದುದು ಉಚಿತವಾಗಿಯೇ ಇದೆ. ಚಿತ್ರದ ಭಾರ ಈ ಇಬ್ಬರ ಮುಖಗಳ ಮೇಲಿದೆ.

ಇಲ್ಲಿ ಕ್ಯಾಮೆರಾ ಮಾಟಕ್ಕೆ ಸಾಕ್ಷಿ ನುಡಿಯುವುದಿಲ್ಲ. ಕಮಲಿಯ ಅಸಹಾಯಕತೆಗೆ ನುಡಿಯುತ್ತದೆ. ಪಂಚಾಯಿತಿ ಗಂಡಸರದ್ದು, ಊರ ಜಗಳ ಗಂಡಸರದ್ದು, ಮನೆಯ ಯಜಮಾನಿಕೆ ಗಂಡನದ್ದು. ತನ್ನ ದುಃಖಕ್ಕೆ ನ್ಯಾಯ ಕೇಳಲು ಅವಳಿಗೆ ಉಳಿದಿರುವ ಏಕಮಾತ್ರ ಕಚೇರಿ ಕತ್ತಲೆಯ ಕಾಡು. ಮಾಟ ಇಲ್ಲಿ ಶಕ್ತಿಯ ಲಕ್ಷಣವಲ್ಲ, ಶಕ್ತಿಯಿಲ್ಲದಿರುವುದರ ಲಕ್ಷಣ. ಊರುಗಳನ್ನು ಕೊನೆಗೆ ಸುಡುವುದು ಗಂಡಸರ ಹಗೆತನವೇ ಹೊರತು ಅವಳು ಮಾಡಿಸಿದ ಮಾಟವಲ್ಲ. ಬಾಲಕನನ್ನು ಕಾಡುವ, ಹೆಸರು ಹಿಡಿದು ಕರೆಯುವ ಹಕ್ಕಿಯೂ ಅಷ್ಟೇ. ಅದು ಇದೆಯೋ ಇಲ್ಲವೋ ಎಂಬುದು ಗೌಣ, ಅದರ ಭಯ ಸತ್ಯ.

ಹೆಸರು ಹಿಡಿದು ಕರೆಯುವುದರ ಭಯ ನಮ್ಮ ನಾಡಿನಲ್ಲಿ ಎಷ್ಟು ಆಳವಾದುದೆಂಬುದಕ್ಕೆ ೧೯೯೦ರ ದಶಕದ ಒಂದು ಪ್ರಸಂಗವನ್ನು ನೆನೆಯಬಹುದು. ರಾತ್ರಿ ಹೆಣ್ಣೊಬ್ಬಳು ಪರಿಚಿತರ ದನಿಯಲ್ಲಿ ಕೂಗುತ್ತಾಳೆ, ಓಗೊಟ್ಟವರು ಉಳಿಯುವುದಿಲ್ಲ ಎಂಬ ಸುದ್ದಿ ಹಬ್ಬಿ, ಕರ್ನಾಟಕದ ಅನೇಕ ಕಡೆ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದುಕೊಂಡರು. ಪ್ರತಿದಿನವೂ ಬಂದು ಓದಿ ಅವಳು ಹಿಂದಿರುಗಬೇಕು. ಅಂದರೆ ದೆವ್ವವೂ ಕನ್ನಡ ಓದಬಲ್ಲದು, ಮಾತಿಗೆ ತಪ್ಪದು ಎಂಬ ನಂಬಿಕೆ. ಈ ಜನಪದ ಕಲ್ಪನೆ ಗಡಿ ದಾಟಿ ಹೋಗಿ ‘ಸ್ತ್ರೀ’ (೨೦೧೮) ಎಂಬ ಹಿಂದಿ ಚಿತ್ರಕ್ಕೆ ವಸ್ತುವಾಯಿತು. ಆ ಚಿತ್ರ ಭಯವನ್ನು ಹಾಸ್ಯವಾಗಿ ತಿರುಗಿಸಿ, ರಾತ್ರಿ ಹೊರಗೆ ಹೋಗಲು ಗಂಡಸರೇ ಅಂಜುವಂತೆ ಮಾಡಿ, ಹೆಣ್ಣಿನ ದಿನನಿತ್ಯದ ಭಯವೇನೆಂಬುದನ್ನು ಅವರಿಗೆ ಉಣಿಸುತ್ತದೆ. ನಮ್ಮ ಬಾಗಿಲ ಬರಹವನ್ನು ನಾವು ಉಪಯೋಗಿಸಿಕೊಳ್ಳಲಿಲ್ಲವೆಂಬುದು ವಿಷಾದದ ಸಂಗತಿ.

ಕಾರ್ನಾಡರ ನಾಟಕವನ್ನು ಆಧರಿಸಿದ ಟಿ.ಎಸ್. ನಾಗಾಭರಣರ ‘ನಾಗಮಂಡಲ’ (೧೯೯೭) ಇನ್ನೊಂದು ಬಗೆಯದು. ಗಂಡ ರಾಣಿಯನ್ನು ಮನೆಯೊಳಗೆ ಕೂಡಿಹಾಕಿ ಹೋಗುತ್ತಾನೆ. ಕುರುಡವ್ವ ವಶೀಕರಣದ ಬೇರನ್ನು ಕೊಡುತ್ತಾಳೆ. ಹಳ್ಳಿಯ ಲೆಕ್ಕದಲ್ಲಿ ಮದ್ದು ಕೊಡುವ ಮುದುಕಿ ಮಾಟಗಾತಿಯೇ. ಇಲ್ಲಿ ಅವಳು ತಾಯಿ. ಬೇರು ಫಲಿಸುತ್ತದೆ, ಆದರೆ ಗಂಡನ ಮೇಲಲ್ಲ, ಹುತ್ತದ ಹಾವಿನ ಮೇಲೆ. ಮಾಟಕ್ಕೂ ತನ್ನದೇ ಆದ ಚೇಷ್ಟೆಯುಂಟೆಂಬ ಜನಪದದ ವಿನೋದ ಇದು. ಕೊನೆಯಲ್ಲಿ ರಾಣಿ ಹಾವನ್ನು ಹಿಡಿದು ಪ್ರಮಾಣ ಮಾಡಿದಾಗ, ಅವಳನ್ನು ಜಾರೆಯೆಂದ ಊರೇ ದೇವಿಯೆಂದು ಕಾಲಿಗೆರಗುತ್ತದೆ. ಕಳಂಕಿತೆ ಅಥವಾ ದೇವತೆ, ಇವೆರಡರ ನಡುವೆ ಸಾಮಾನ್ಯ ಹೆಣ್ಣಾಗಿ ನಿಲ್ಲಲು ಅವಳಿಗೆ ಸ್ಥಳವಿಲ್ಲ. ದೇವಿಯೆಂದು ಎರಗುವ ಜನ ಮಾಟಗಾತಿಯೆಂದು ಕಲ್ಲೆಸೆಯುವ ಜನರಿಂದ ಬೇರೆಯಾದವರಲ್ಲ.

೬

ಮೂರನೆಯ ಘಟ್ಟದಲ್ಲಿ ಮಾಟ ಪೇಟೆಯ ಸಿರಿವಂತರ ಮನೆಯನ್ನು ಪ್ರವೇಶಿಸುತ್ತದೆ. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯಿಂದ ಬಂದ ‘ತುಳಸೀದಳ’ (೧೯೮೫) ಇದಕ್ಕೆ ನಾಂದಿ. ವೇಮಗಲ್ ಜಗನ್ನಾಥರಾವ್ ನಿರ್ದೇಶಿಸಿದ ಈ ಚಿತ್ರದಲ್ಲಿ ಆಸ್ತಿಯ ಆಸೆಗಾಗಿ ಎಳೆಯ ಹೆಣ್ಣುಮಗುವಿನ ಮೇಲೆ ಕ್ಷುದ್ರಪ್ರಯೋಗ ನಡೆಯುತ್ತದೆ. ಹಾಸಿಗೆಯಲ್ಲಿ ನರಳುವ ಮಗುವಿನ ಒಂದು ಪಕ್ಕದಲ್ಲಿ ವೈದ್ಯ, ಇನ್ನೊಂದು ಪಕ್ಕದಲ್ಲಿ ಮಾಂತ್ರಿಕ. ಈ ದೃಶ್ಯದ ಪರಿಣಾಮ ಜಾನಪದ ಚಿತ್ರದ ಪರಿಣಾಮದಂಥದಲ್ಲ. ಪ್ರೇಕ್ಷಕನ ಮನೆಯಲ್ಲಿಯೂ ಮಗುವುಂಟು. ಮಗುವಿಗೆ ಜ್ವರ ಬರುವುದುಂಟು. ಆಸ್ತಿಯ ವಿಷಯದಲ್ಲಿ ಮುನಿಸಿಕೊಂಡ ಬಂಧುಗಳೂ ಉಂಟು. ಕಥೆಗೂ ನೆರೆಮನೆಗೂ ನಡುವೆ ಇದ್ದ ಸಮುದ್ರ ಒಣಗಿಹೋಗಿದೆ.

‘ನಾ ನಿನ್ನ ಬಿಡಲಾರೆ’ (೧೯೭೯) ಚಿತ್ರದಲ್ಲಿ ಮೈಮೇಲೆ ಬರುವ ಪ್ರೇತದ ಬಾಧೆಗೆ ಒಳಗಾಗುವವನು ಗಂಡಸು, ಇದು ಅಪರೂಪ. ಬಿಡುಗಡೆ ದೊರೆಯುವುದು ಮಂತ್ರಾಲಯದ ಗುರುಗಳ ಅನುಗ್ರಹದಿಂದ. ಒಂದು ಅಲೌಕಿಕ ಶಕ್ತಿಯನ್ನು ಇನ್ನೊಂದು ಅಲೌಕಿಕ ಶಕ್ತಿ ಗೆಲ್ಲುವ ಈ ಬಗೆಯ ಮುಕ್ತಾಯ ಭಕ್ತರಿಗೆ ಸಮಾಧಾನ ಕೊಡುತ್ತದೆ. ಆದರೆ ಮೂಲಭಯವನ್ನು ಅಲುಗಿಸುವುದಿಲ್ಲ.

ಮಲಯಾಳದ ‘ಮಣಿಚಿತ್ರತ್ತಾಳ್’ (೧೯೯೩) ಚಿತ್ರದಿಂದ ಬಂದ ಪಿ. ವಾಸು ಅವರ ‘ಆಪ್ತಮಿತ್ರ’ (೨೦೦೪) ಈ ಸಮಸ್ಯೆಗೆ ಜಾಣತನದ ಪರಿಹಾರವನ್ನು ಒದಗಿಸಿತು. ಗಂಗೆಯ ಮೇಲೆ ನಾಗವಲ್ಲಿಯ ಪ್ರೇತ ಬಂದಿದೆಯೆಂದು ಮನೆಯವರು ನಂಬುತ್ತಾರೆ. ಮನೋವೈದ್ಯ ವಿಜಯ ಅದು ಮನಸ್ಸಿನ ವ್ಯಾಧಿಯೆಂದು ಕಂಡುಕೊಳ್ಳುತ್ತಾನೆ. ಅವಿನಾಶ್ ನಟಿಸಿದ ರಾಮಚಂದ್ರ ಆಚಾರ್ಯರು ಮಂತ್ರಜ್ಞರಾಗಿದ್ದೂ ವೈದ್ಯನ ಮಾತಿಗೆ ಸಮ್ಮತಿಸಿ, ಚಿಕಿತ್ಸೆಗಾಗಿ ಹೋಮದ ರಂಗವನ್ನು ಕಟ್ಟಿಕೊಡುತ್ತಾರೆ. ಅಂದರೆ ಮಂತ್ರವಿಧಿ ಇಲ್ಲಿ ನಾಟಕವಾಗುತ್ತದೆ, ನಾಟಕ ಔಷಧಿಯಾಗುತ್ತದೆ. ಮಂತ್ರವಾದಿಯನ್ನು ವಂಚಕನೆಂದಾಗಲಿ ಸರ್ವಜ್ಞನೆಂದಾಗಲಿ ಚಿತ್ರಿಸದೆ, ತನ್ನ ವಿದ್ಯೆಯ ಮಿತಿಯನ್ನು ಬಲ್ಲ ವಿವೇಕಿಯನ್ನಾಗಿ ತೋರಿಸಿದ್ದು ಕನ್ನಡ ತೆರೆಯಲ್ಲಿ ಸಣ್ಣ ಸಾಧನೆಯಲ್ಲ. ಚಿತ್ರದ ದೌರ್ಬಲ್ಯವೂ ಇಲ್ಲಿಯೇ ಇದೆ. ಪ್ರೇಕ್ಷಕರು ಮನೆಗೆ ಕೊಂಡೊಯ್ದದ್ದು ವೈದ್ಯನ ವಿವರಣೆಯನ್ನಲ್ಲ, ನಾಗವಲ್ಲಿಯ ಕಣ್ಣುಗಳನ್ನು. ದೃಶ್ಯದ ಬಲದ ಮುಂದೆ ಸಂಭಾಷಣೆಯ ವಿವರಣೆ ಯಾವಾಗಲೂ ಸೋಲುತ್ತದೆ. ಇದನ್ನು ನಿರ್ದೇಶಕನಾದವನು ಮೊದಲೇ ಎಣಿಸಿಕೊಳ್ಳಬೇಕು.

೭

ಕಿರುತೆರೆಯ ವಿಷಯಕ್ಕೆ ಬಂದರೆ, ಅದರ ಸಮಸ್ಯೆ ವಸ್ತುವಿನದಕ್ಕಿಂತ ಹೆಚ್ಚಾಗಿ ರೂಪದ್ದು. ಸದಾನಂದ ಸುವರ್ಣರ ‘ಗುಡ್ಡದ ಭೂತ’ದಂಥ ದೂರದರ್ಶನದ ಧಾರಾವಾಹಿಗಳಿಗೆ ಕೆಲವೇ ಕಂತುಗಳ ಮಿತಿಯಿತ್ತು, ಕಥೆಗೆ ಅಂತ್ಯವಿತ್ತು. ೧೯೯೪ರಲ್ಲಿ ಉದಯ ವಾಹಿನಿ ಬಂದ ತರುವಾಯ ಖಾಸಗಿ ವಾಹಿನಿಗಳು ಬೆಳೆದು, ವಾರಕ್ಕೆ ಐದಾರು ದಿನ ವರ್ಷಾನುಗಟ್ಟಲೆ ನಡೆಯುವ ದೈನಿಕ ಧಾರಾವಾಹಿ ನೆಲೆಯೂರಿತು. ಜೀ ಕನ್ನಡದ ‘ನಾಗಿಣಿ’ (೨೦೧೬) ಮೊದಲಾದ ಅದ್ಭುತ ಕಥೆಗಳು ಹಳೆಯ ಜಾನಪದ ಚಿತ್ರಗಳ ಸಂತತಿ. ಅವನ್ನು ಕುರಿತು ಆತಂಕಕ್ಕೆ ಹೆಚ್ಚಿನ ಕಾರಣವಿಲ್ಲ. ಆತಂಕ ಹುಟ್ಟಿಸುವುದು ಸಾಮಾನ್ಯ ಕೌಟುಂಬಿಕ ಧಾರಾವಾಹಿಯ ನಡುವೆ ನುಸುಳುವ ಮಾಟದ ಪ್ರಸಂಗ.

ಅದರ ಸ್ವರೂಪ ಎಲ್ಲರಿಗೂ ವಿದಿತವೇ. ಸವತಿಯೋ ನಾದಿನಿಯೋ ವಾರಗಿತ್ತಿಯೋ ಮಂತ್ರವಾದಿಯ ಬಳಿಗೆ ಹೋಗುತ್ತಾಳೆ. ಬೊಂಬೆ, ಸೂಜಿ, ನಿಂಬೆಹಣ್ಣು, ಕುಂಕುಮ ಇವುಗಳ ಸಮೀಪದೃಶ್ಯಗಳು ಬರುತ್ತವೆ. ಆ ಕ್ಷಣದಲ್ಲಿಯೇ ಮನೆಯಲ್ಲಿ ನಾಯಕಿಗೆ ತಲೆ ಸುತ್ತುತ್ತದೆ. ಎರಡು ದೃಶ್ಯಗಳನ್ನು ಒಂದರ ಪಕ್ಕ ಒಂದನ್ನಿಟ್ಟು ಕಾರ್ಯಕಾರಣ ಸಂಬಂಧವನ್ನು ಹೊಲಿಯುವುದು ಸಂಕಲನದ ಕೆಲಸ. ಸೂಜಿ ಚುಚ್ಚಿದ್ದರಿಂದ ನೋವು ಬಂತೆಂದು ಯಾವ ಪಾತ್ರವೂ ವಾದಿಸಬೇಕಾಗಿಲ್ಲ, ಕತ್ತರಿಯೇ ವಾದಿಸುತ್ತದೆ. ನಾನು ಹಿಂದೆ ಹೇಳಿದ ‘ಸಾಕ್ಷಿ’ ಇದೇ. ಊರಿನಲ್ಲಿ ಯಾರ ಮೇಲಾದರೂ ಮಾಟದ ಆರೋಪ ಬಂದಾಗ ಕಣ್ಣಾರೆ ಕಂಡವರಿರುವುದಿಲ್ಲ. ಅದರಿಂದಲೇ ಸಂಶಯಕ್ಕೆ ಒಂದು ಮಿತಿಯಿರುತ್ತದೆ. ತೆರೆ ಆ ಕೊರತೆಯನ್ನು ತುಂಬುತ್ತದೆ. ಮಾಟ ನಡೆಯುವುದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವಲ್ಲ!

ಧಾರಾವಾಹಿ ಮುಗಿಯಬಾರದಾದುದರಿಂದ ಸಂಶಯವೂ ಮುಗಿಯಬಾರದು. ಜಾನಪದ ಚಿತ್ರ ಎರಡೂವರೆ ಗಂಟೆಯಲ್ಲಿ ಮಂತ್ರವಾದಿಯನ್ನು ಕೊಂದು ಪ್ರೇಕ್ಷಕನನ್ನು ನಿರ್ಭಯನಾಗಿ ಕಳಿಸುತ್ತಿತ್ತು. ಧಾರಾವಾಹಿ ಪ್ರತಿ ರಾತ್ರಿಯೂ ಅವನನ್ನು ಭಯದಲ್ಲಿಯೇ ಬಿಟ್ಟು ‘ನಾಳೆ ಬಾ’ ಎನ್ನುತ್ತದೆ. ಕೇಬಲ್ ದೂರದರ್ಶನ ಜಾಲಗಳ ೧೯೯೪ರ ನಿಯಮಗಳಲ್ಲಿ ಅಂಧವಿಶ್ವಾಸವನ್ನು ಪ್ರೋತ್ಸಾಹಿಸುವ ಕಾರ್ಯಕ್ರಮಗಳು ಸಲ್ಲವೆಂಬ ಮಾತು ಸ್ಪಷ್ಟವಾಗಿ ಇದೆ. ನಿಯಮ ಕಥಾವಸ್ತುವನ್ನು ನೋಡುತ್ತದೆ. ಕತ್ತರಿಯ ತರ್ಕವನ್ನು ನೋಡುವುದು ವಿಮರ್ಶಕನ
ಹೊಣೆ.

೮

ಇತರ ದೇಶಗಳ ತೆರೆಯನ್ನು ಸಂಕ್ಷೇಪವಾಗಿ ಅವಲೋಕಿಸಿದರೆ ನಮ್ಮ ಸ್ಥಿತಿ ಇನ್ನಷ್ಟು ಸ್ಫುಟವಾಗುತ್ತದೆ. ಅಮೆರಿಕದ ‘ದಿ ವಿಝರ್ಡ್ ಆಫ್ ಆಝ್’ (೧೯೩೯) ಚಿತ್ರದಲ್ಲಿ ಮಹಾಮಾಂತ್ರಿಕನೆಂದು ಹೆಸರಾದ ಗಂಡಸು ತೆರೆಯ ಹಿಂದೆ ಯಂತ್ರ ತಿರುಗಿಸುವ ಬಡಪಾಯಿ. ಮಾಟಗಾತಿಯರ ಶಕ್ತಿ ಮಾತ್ರ ಆ ಲೋಕದಲ್ಲಿ ನಿಜ. ಅಲ್ಲಿಯ ಕಿರುತೆರೆಯ ‘ಬಿವಿಚ್ಡ್’ (೧೯೬೪–೭೨) ಮಾಟಗಾತಿಯನ್ನು ಮುದ್ದಿನ ಗೃಹಿಣಿಯಾಗಿಸಿ, ಶಕ್ತಿಯನ್ನು ಬಳಸಬೇಡವೆಂದು ಗಂಡನಿಂದ ಹೇಳಿಸುತ್ತದೆ. ಹ್ಯಾರಿ ಪಾಟರ್ ಚಿತ್ರಮಾಲೆ (೨೦೦೧–೧೧) ಮಾಟವನ್ನು ಪಾಠಶಾಲೆಯ ವಿದ್ಯೆಯಾಗಿಸಿ, ಹುಡುಗ ಹುಡುಗಿಯರಿಬ್ಬರಿಗೂ ಸಮಾನವಾಗಿ ಹಂಚಿತು. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಅದನ್ನು ನೋಡಿ ಬೆಳೆದವರು, ಮತ್ತು ಅದರಿಂದ ಯಾರೂ ಕೆಟ್ಟಂತೆ ಕಾಣುವುದಿಲ್ಲ.

ಗಂಭೀರವಾದ ದಾರಿ ಉತ್ತರ ಯೂರೋಪಿನದು. ಬೆಂಜಮಿನ್ ಕ್ರಿಸ್ಟೆನ್ಸೆನ್‌ನ ‘ಹೆಕ್ಸನ್’ (೧೯೨೨) ಮೂಕಿಚಿತ್ರವು ಮಧ್ಯಯುಗದ ಮಾಟಗಾತಿಯರ ಕಲ್ಪನೆಯನ್ನು ವಿಜೃಂಭಣೆಯಿಂದ ತೋರಿಸಿ, ಕೊನೆಗೆ ಅಂದಿನ ‘ಮಾಟಗಾತಿ’ಯನ್ನು ಇಂದಿನ ಮನೋರೋಗಿಯ ಪಕ್ಕದಲ್ಲಿ ನಿಲ್ಲಿಸುತ್ತದೆ. ಕಾರ್ಲ್ ಡ್ರೆಯರ್‌ನ ‘ಡೇ ಆಫ್ ರಾತ್’ (೧೯೪೩), ಜರ್ಮನರು ಡೆನ್ಮಾರ್ಕನ್ನು ಆಕ್ರಮಿಸಿದ್ದಾಗ ತಯಾರಾದುದು. ಮುದುಕಿಯೊಬ್ಬಳನ್ನು ಮಾಟಗಾತಿಯೆಂದು ಸುಡುತ್ತಾರೆ. ಅನಂತರ ಪಾದ್ರಿಯ ಎಳೆಯ ಹೆಂಡತಿ ಆನ್ನೆಯ ಮೇಲೆ ಅದೇ ಆರೋಪ ಬರುತ್ತದೆ. ಸುತ್ತಲಿನವರೆಲ್ಲ ಹಾಗೆಂದುದನ್ನು ಕೇಳಿ ಕೇಳಿ ಅವಳೇ ತನ್ನನ್ನು ಮಾಟಗಾತಿಯೆಂದು ನಂಬಿಬಿಡುವುದು ಆ ಚಿತ್ರದ ಘೋರ ಸತ್ಯ. ಡ್ರೆಯರ್ ಒಂದೇ ಒಂದು ಮಾಯಾದೃಶ್ಯವನ್ನೂ ಬಳಸಲಿಲ್ಲ. ಮುಖಗಳನ್ನು ತೋರಿಸಿದ, ಅಷ್ಟೆ.

೯

ಇವೆಲ್ಲ ಕೇವಲ ರಸವಿಮರ್ಶೆಯ ಪ್ರಶ್ನೆಗಳಲ್ಲವೆಂಬುದನ್ನು ಹೇಳಬೇಕಾಗಿದೆ. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ೧೯೭೬ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದರು. ವಿಶ್ವವಿದ್ಯಾನಿಲಯವೊಂದು ಇಂಥ ಕೆಲಸವನ್ನು ತನ್ನದೆಂದು ಭಾವಿಸಿದ್ದು ನಮ್ಮ ನಾಡಿನ ಹೆಮ್ಮೆ. ನೆರೆಯ ಮಹಾರಾಷ್ಟ್ರದಲ್ಲಿ ಡಾ. ನರೇಂದ್ರ ದಾಭೋಲ್ಕರ್ ಅವರು ೨೦೧೩ರಲ್ಲಿ ಕೊಲೆಯಾದ ಮೇಲೆ ಮಾಟವಿರೋಧಿ ಶಾಸನ ಬಂದಿತು. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾಯಿದೆ ೨೦೧೭ರಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆದು, ೨೦೨೦ರ ಜನವರಿ ೪ರಿಂದ ಜಾರಿಗೆ ಬಂದಿತು. ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವುದು ಇಂದು ಅಪರಾಧ. ಆದರೆ ಓರಗೆಯ ಕಣ್ಣೋಟ, ಬಾವಿಕಟ್ಟೆಯ ಪಿಸುಮಾತು, ಮದುವೆಮನೆಯಲ್ಲಿ ಎಲೆ ಹಾಕುವಾಗ ಬಿಟ್ಟುಬಿಡುವುದು ಇವು ಯಾವ ಕಾಯಿದೆಯ ಕೈಗೂ ಸಿಗುವಂಥವಲ್ಲ.

ಕಥೆಗೆ ಸ್ವಾತಂತ್ರ್ಯವಿಲ್ಲವೇ, ಎಲ್ಲ ಚಿತ್ರಗಳೂ ವಿಜ್ಞಾನದ ಪಾಠಗಳಾಗಬೇಕೇ ಎಂದು ಕೇಳುವವರುಂಟು. ಅವರ ಆಕ್ಷೇಪ ನ್ಯಾಯವಾದದ್ದೇ. ಮಾಟವನ್ನು ತೆರೆಯಿಂದ ಬಹಿಷ್ಕರಿಸಬೇಕೆಂಬುದು ಈ ಲೇಖನದ ಅಭಿಪ್ರಾಯವಲ್ಲ. ದೂರದ ದ್ವೀಪದಲ್ಲಿ ಅದು ಯಥೇಚ್ಛವಾಗಿ ಫಲಿಸಲಿ. ಹುತ್ತದ ಹಾವಿನ ಮೇಲೂ ಫಲಿಸಲಿ. ನೆರೆಮನೆಯ ಒಳಗೆ ಅದನ್ನು ತರುವ ನಿರ್ದೇಶಕ, ತಾನೊಂದು ಆರೋಪಕ್ಕೆ ಸಾಕ್ಷಿ ಒದಗಿಸುತ್ತಿದ್ದೇನೆಯೇ ಎಂದು ಕೇಳಿಕೊಳ್ಳಲಿ ಎಂಬುದಷ್ಟೇ ಇಲ್ಲಿಯ ನಿವೇದನೆ.

ನಮ್ಮ ಭಾಗದ ಕಾಲೇಜುಗಳ ವಿದ್ಯಾರ್ಥಿಗಳು ಈ ದಿಸೆಯಲ್ಲಿ ಮಾಡಬಹುದಾದ ಕೆಲಸ ಬಹಳವಿದೆ. ನಾಲ್ಕು ತಾಲ್ಲೂಕುಗಳ ಹಿರಿಯರಿಂದ ಮಾಟ, ಮದ್ದು, ದೃಷ್ಟಿಗಳ ಕಥೆಗಳನ್ನು ಸಂಗ್ರಹಿಸಿ, ಅವುಗಳಲ್ಲಿ ತೆರೆಯಿಂದ ಬಂದ ಅಂಶವೆಷ್ಟು, ತೆರೆಗೆ ಮುಂಚಿನದೆಷ್ಟು ಎಂಬುದನ್ನು ಬಿಡಿಸಿ ನೋಡಬೇಕು. ಬಿಳಿ ಸೀರೆಯೂ ಗೆಜ್ಜೆಯ ಸದ್ದೂ ಅಜ್ಜಿಯ ಕಥೆಯಲ್ಲಿತ್ತೇ, ಚಿತ್ರಮಂದಿರದಿಂದ ಊರಿಗೆ ಬಂದಿತೇ? ಇಂಥ ಸಣ್ಣ ಪ್ರಶ್ನೆಗಳೇ ದೊಡ್ಡ ಸಂಶೋಧನೆಗೆ ಬಾಗಿಲು.

ಕಡೆಯದಾಗಿ, ಪ್ರಶ್ನೆ ಕೇಳಿದ ವಿದ್ಯಾರ್ಥಿನಿಯ ವಿಷಯ. ತರಗತಿ ಮುಗಿದ ಮೇಲೆ ಅವಳು ಒಬ್ಬಳೇ ಬಂದು, ತನ್ನ ಅಜ್ಜಿಯನ್ನು ಊರವರು ಮಾಟಗಾತಿಯೆಂದು ಕರೆಯುತ್ತಿದ್ದರೆಂದೂ, ಬಾಣಂತಿಯರಿರುವ ಮನೆಗೆ ಅವಳನ್ನು ಸೇರಿಸುತ್ತಿರಲಿಲ್ಲವೆಂದೂ ಹೇಳಿದಳು. ಅಜ್ಜಿಗೆ ಗೊತ್ತಿದ್ದುದು ನಾಲ್ಕು ಬೇರುಗಳ ಗುಣ. ಅವಳ ತಪ್ಪೆಂದರೆ ಎಳೆಯ ಪ್ರಾಯದಲ್ಲಿ ಗಂಡನನ್ನು ಕಳೆದುಕೊಂಡು ಬಹುಕಾಲ ಬದುಕಿದ್ದು. ಕಮಲಿಯ ಮಾಟ ಹತ್ತಿತೇ ಎಂದು ಆ ಹುಡುಗಿ ಕೇಳಿದ್ದು ಕಥೆಯ ಕುತೂಹಲದಿಂದಲ್ಲ. ಚಿತ್ರ ತನ್ನ ಅಜ್ಜಿಯ ಪರವೋ ಊರಿನ ಪರವೋ ಎಂಬುದು ಅವಳಿಗೆ ತಿಳಿಯಬೇಕಾಗಿತ್ತು. ಅವಳಿಗೆ ಈಗ ಉತ್ತರ ಹೇಳಬಲ್ಲೆ: ಆ ಚಿತ್ರ ಅವಳ ಅಜ್ಜಿಯ ಪರವಾಗಿದೆ. ಉಳಿದ ಅನೇಕ ಚಿತ್ರಗಳನ್ನು ಕುರಿತು ಅದೇ ಮಾತನ್ನು ಹೇಳಲಾರೆ.